ಕೇಳದೆ ಕೊಟ್ಟ ಸ್ಪೀಡು

ಕಿವಿ ಪರೀಕ್ಷೆಯ ಮೇಡಂ ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಲ್ಯಾಪ್‌ಟಾಪಿನ ಕೀಲು ಮುರಿದಿದೆ ಅಂತ. ಎಡಗಡೆಯ ಕೀಲು ಪ್ಲಾಸ್ಟಿಕ್ಕನ್ನೇ ಸೀಳಿಕೊಂಡು ಮೇಲೆ ಬಂದಿತ್ತು. ನಂಜನಗೂಡಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಕೀಲಿನ ಕೆಲಸ ನನಗೆ ನೀರು ಕುಡಿದಷ್ಟು ಸಲೀಸು. ಒಂದೂವರೆ ಗಂಟೆಯಲ್ಲಿ ಹೊಸ ಕೀಲು ಕೂರಿಸಿ, ಅಂಟು ಹಾಕಿ, ಬಿಗಿ ಮಾಡಿ ಕೊಟ್ಟೆ. ಅಷ್ಟೇ ಮಾಡಿ ಸುಮ್ಮನಿದ್ದಿದ್ದರೆ ಈಗ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ.

ಆದರೆ ನಾನು ಸುಮ್ಮನಿರುವ ಆಸಾಮಿಯಲ್ಲ. ಲ್ಯಾಪ್‌ಟಾಪ್ ಹಿಡಿದು ನನ್ನ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಆಡುವ ಮೊದಲ ಮಾತು ಒಂದೇ: "ಸಾ, ಸ್ಲೋ ಆಗ್ಬುಟ್ಟದೆ, ವಸಿ ಸ್ಪೀಡ್ ಮಾಡ್ಕೊಡಿ." ಅದನ್ನು ಕೇಳಿ ಕೇಳಿ, ಯಾರು ಯಾವ ಕೆಲಸಕ್ಕೆ ಬಂದರೂ ಕೊನೆಯಲ್ಲಿ ಸ್ಪೀಡ್ ಮಾಡಿಯೇ ಕೊಡುವುದು ನನಗೆ ರೂಢಿಯಾಗಿತ್ತು. ಕೀಬೋರ್ಡ್ ಬದಲಿಸಿದರೂ ಸ್ಪೀಡು, ಸ್ಕ್ರೀನ್ ಹಾಕಿದರೂ ಸ್ಪೀಡು. ಪವರ್ ಸೆಟ್ಟಿಂಗಿಗೆ ಹೋಗಿ, ಪ್ರೊಸೆಸರ್‌ನ ಕನಿಷ್ಠ ವೇಗ ಅನ್ನುವ ಕಡೆ ಐದು ಪರ್ಸೆಂಟ್ ಇರುವುದನ್ನು ನೂರು ಮಾಡುತ್ತಿದ್ದೆ. ಚಾರ್ಜರ್ ಇದ್ದಾಗಲೂ ನೂರು, ಬ್ಯಾಟರಿಯಲ್ಲೂ ನೂರು. ಅಷ್ಟಕ್ಕೇ ಬಿಡದೆ, ಲ್ಯಾಪ್‌ಟಾಪ್ ಪೂರ್ತಿ ಎಚ್ಚರವಾಗುವ ಮುಂಚೆ ಸಿಗುವ ಬಯೋಸ್ ಅನ್ನುವ ಒಳ ಸೆಟ್ಟಿಂಗಿಗೂ ನುಗ್ಗಿ, ಕೆಲಸವಿಲ್ಲದಾಗ ಪ್ರೊಸೆಸರ್ ನಿದ್ದೆಗೆ ಜಾರುವ ಸೌಲಭ್ಯವನ್ನೂ ಆಫ್ ಮಾಡುತ್ತಿದ್ದೆ. ಗಿರಾಕಿ ಕೇಳಬೇಕಾದ್ದೇ ಇಲ್ಲ. ಅದು ನಮ್ಮ ಅಂಗಡಿಯ ಟಚ್ ಎಂದು ನನಗೊಂದು ಕೊಬ್ಬು. ಮೇಡಂ ಲ್ಯಾಪ್‌ಟಾಪಿಗೂ ಆ ಟಚ್ ಕೊಟ್ಟೆ. ಅವರಿಗೆ ಹೇಳಲೂ ಇಲ್ಲ.

ಒಂದು ತಿಂಗಳು ಕಳೆದ ಮೇಲೆ ಅವರು ಮತ್ತೆ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಔಷಧಿ ಅಂಗಡಿಯ ಬಟ್ಟೆ ಚೀಲ. ಬಸ್ ಇಳಿದು ನೇರ ಬಂದಿದ್ದರು.

"ಸರ್, ಇದು ವಿಪರೀತ ಬಿಸಿಯಾಗ್ತಿದೆ. ಫ್ಯಾನು ಬುಸ್ ಅಂತ ತಿರುಗ್ತಾನೇ ಇರುತ್ತೆ. ಬ್ಯಾಟರಿ ಎರಡನೇ ಮಗು ಮುಗಿಯೋದ್ರೊಳಗೆ ಕೈಕೊಡ್ತಿದೆ."

"ಎರಡನೇ ಮಗು ಅಂದ್ರೆ?" ಎಂದೆ.

ಆಗ ಅವರ ಕೆಲಸ ಏನೆಂದು ಗೊತ್ತಾಯಿತು. ಹೊಸದಾಗಿ ಹುಟ್ಟಿದ ಮಕ್ಕಳಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂದು ನೋಡುವವರು. ಒಂದು ದಿನ ಹುಲ್ಲಹಳ್ಳಿ ಕಡೆ, ಒಂದು ದಿನ ಕಳಲೆ ಕಡೆ, ವಾರಕ್ಕೆರಡು ದಿನ ಟಿ. ನರಸೀಪುರದ ಹಳ್ಳಿಗಳು. ಪೆನ್ನಿನ ಮುಚ್ಚಳದಷ್ಟಿರುವ ಒಂದು ಉಪಕರಣವನ್ನು ಮಗುವಿನ ಕಿವಿಯೊಳಗಿಟ್ಟು, ಅದರ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಪರೀಕ್ಷೆ ಮಾಡುತ್ತಾರೆ.

"ಚಾರ್ಜರ್ ಹಾಕ್ಕೊಂಡೇ ಮಾಡಿ ಮೇಡಂ, ಅದಕ್ಕೇನಂತೆ."

"ಹಾಕೋ ಹಾಗಿಲ್ಲ ಸರ್. ಚಾರ್ಜರ್ ಹಾಕಿದ್ರೆ ಕರೆಂಟಿನ ಗುಂಯ್ ಅನ್ನೋ ಸದ್ದು ರೆಕಾರ್ಡಿಂಗ್ ಒಳಗೆ ಸೇರ್ಕೊಳುತ್ತೆ. ಬ್ಯಾಟರೀಲೇ ಮಾಡ್ಬೇಕು. ಮಗು ಹಾಲು ಕುಡಿದು ನಿದ್ದೆ ಮಾಡೋವರೆಗೂ ಕಾಯ್ಬೇಕು. ಅದು ಮಲಗೋದಕ್ಕೂ ಇದು ಆಫ್ ಆಗೋದಕ್ಕೂ ಸರಿಹೋಗುತ್ತೆ."

ಬ್ಯಾಟರಿ ಹಳತಾಗಿದೆ ಎಂದು ತೀರ್ಪು ಕೊಟ್ಟು ಹೊಸದು ಹಾಕಿದೆ. ವಾರ ಕಳೆದು ಅವರು ಫೋನ್ ಮಾಡಿದರು: ಅರ್ಧ ಗಂಟೆ ಹೆಚ್ಚು ಬರುತ್ತಿದೆ ಅಷ್ಟೆ, ಬುಸ್ ಅನ್ನುವುದು ನಿಂತಿಲ್ಲ. ತರಿಸಿ ಬಿಚ್ಚಿದೆ. ಫ್ಯಾನಿನ ಧೂಳು ತೆಗೆದೆ, ಪ್ರೊಸೆಸರ್ ಮೇಲೆ ಶಾಖ ದಾಟಿಸಲು ಹಚ್ಚುವ ಪೇಸ್ಟು ಒಣಗಿದ್ದನ್ನು ಕೆರೆದು ಹೊಸದು ಹಚ್ಚಿದೆ. ಆಮೇಲೆ ಆನ್ ಮಾಡಿ ಕೈಯಿಟ್ಟರೆ ಮತ್ತೆ ಕಾದ ಕಾವಲಿ. ಹಳೇ ಮಾಡೆಲ್ಲು, ಇಷ್ಟೇ ಇದರ ಹಣೆಬರಹ ಎಂದು ಅವರ ಮುಂದೆ ತಲೆಯಾಡಿಸಿ ಕಳಿಸಿದೆ. ನನ್ನ ಟಚ್ ನನಗೆ ನೆನಪಿಗೇ ಬರಲಿಲ್ಲ. ದಿನಕ್ಕೆ ನಾಲ್ಕು ಸಲ ಮಾಡುವ ಕೆಲಸ ಯಾರಿಗೆ ನೆನಪಿರುತ್ತದೆ?

ಮೂರನೇ ಸಲ ಬಂದಾಗ ಅವರ ಮುಖ ಬೇರೆಯೇ ಇತ್ತು. ಸ್ಟೂಲಿನ ಮೇಲೆ ಕೂತರು, ನೀರು ಕೇಳಿ ಕುಡಿದರು.

"ಸರ್, ಈಗ ಬ್ಯಾಟರಿ ಮಾತಲ್ಲ. ನಂಗೆ ರೆಫರ್ ಜಾಸ್ತಿ ಬರ್ತಿದೆ."

ಪರೀಕ್ಷೆ ಸರಿಯಾಗಿ ಬಂದರೆ ಆ ತಂತ್ರಾಂಶ ಪಾಸ್ ಎಂದು ತೋರಿಸುತ್ತದೆ, ಬರದಿದ್ದರೆ ರೆಫರ್ ಎನ್ನುತ್ತದೆ. ದೊಡ್ಡ ಆಸ್ಪತ್ರೆಗೆ ಕಳಿಸಿ ಇನ್ನೊಮ್ಮೆ ನೋಡಿಸಿ ಎನ್ನುವುದಷ್ಟೇ ಅದರ ಅರ್ಥ. ಮೊದಲು ಅಪರೂಪಕ್ಕೊಂದು ರೆಫರ್ ಬರುತ್ತಿತ್ತಂತೆ, ಈಗ ವಾರಕ್ಕೆ ಎರಡು ಮೂರು. ಕಿವಿಗಿಡುವ ಉಪಕರಣವನ್ನೇ ಅನುಮಾನಿಸಿ ತಪಾಸಣೆಗೆ ಕಳಿಸಿದ್ದರು. ಅದು ಸರಿಯಾಗಿಯೇ ಇದೆ ಎಂದು ವಾಪಸ್ ಬಂದಿತ್ತು.

"ಹಳ್ಳಿ ಕಡೆ ರೆಫರ್ ಅನ್ನೋದನ್ನೇ ಒಂದು ಕಾಯಿಲೆ ಅನ್ಕೊಂಡಿದ್ದಾರೆ. ನರಸೀಪುರದ ಆಚೆ ಒಂದು ಮನೇಲಿ ಎರಡು ಕಿವಿಗೂ ಎರಡು ಸಲ ರೆಫರ್ ಬಂತು. ಮೈಸೂರಿಗೆ ಹೋಗಿ ಅಂದೆ. ಹೋಗಲಿಲ್ಲ. ಮೊನ್ನೆ ಹೋದ್ರೆ ಮನೆ ಸದ್ದೇ ಇಲ್ಲ. ಮಗು ಜತೆ ಮಾತಾಡೋದೇ ನಿಲ್ಲಿಸಿಬಿಟ್ಟಿದ್ದಾರೆ ಸರ್. ಎರಡೂವರೆ ತಿಂಗಳ ಮಗು. ನಿಜವಾಗಿ ಕೇಳಲ್ವೋ, ನನ್ನ ಮಿಷಿನ್ ಕೆಟ್ಟಿದ್ಯೋ, ಅದೇ ನಂಗೆ ಗೊತ್ತಾಗ್ತಿಲ್ಲ."

ನನ್ನ ಬಾಯಲ್ಲಿ ಬಂದದ್ದು ಒಣ ಜಂಭವೇ: "ಮೇಡಂ, ಲ್ಯಾಪ್‌ಟಾಪ್ ಸದ್ದು ಮಾಡಿದ್ರೆ ಮಗು ಕಿವಿ ಕೆಡುತ್ತಾ?"

"ನಿಮ್ಮ ಕಿವೀಗೇ ಹಾಕ್ತೀನಿ, ಕೂತ್ಕೊಳಿ" ಎಂದರು.

ಹಿಂದಿನ ಸಾಮಾನು ಕೋಣೆಯಲ್ಲಿ ಕೂತೆ. ಕಿವಿಯೊಳಗೆ ಮೆತ್ತನೆಯ ರಬ್ಬರ್ ತುದಿ ತೂರಿಸಿದರು. ಅಲ್ಲಾಡಬೇಡಿ, ಎಂಜಲು ನುಂಗಬೇಡಿ ಎಂದರು. ಒಗ್ಗರಣೆಗೆ ಸಾಸಿವೆ ಸಿಡಿದಂತೆ ಕಿವಿಯೊಳಗೆ ಟಕಟಕ ಶುರುವಾಯಿತು. ಅದು ನಡೆಯುತ್ತಿರುವಾಗಲೇ ಅವರು ಮೆಲ್ಲಗೆ ವಿವರಿಸಿದರು. ಕಿವಿಯ ಒಳಗಡೆ, ಬಸವನಹುಳುವಿನ ಚಿಪ್ಪಿನಂಥ ಭಾಗದಲ್ಲಿ, ಕೂದಲು ಮೂಡಿದ ಸಣ್ಣ ಜೀವಕೋಶಗಳಿವೆ. ಸದ್ದು ಬಿದ್ದರೆ ಅವು ಕುಣಿಯುತ್ತವೆ. ಕುಣಿದಾಗ ಅವೇ ಒಂದು ಸದ್ದು ಹೊರಡಿಸುತ್ತವೆ. ಆ ಸದ್ದು ಬಂದ ದಾರಿಯಲ್ಲೇ ವಾಪಸ್ ಹೊರಗೆ ಬರುತ್ತದೆ. ಅದನ್ನು ಹಿಡಿಯುವುದೇ ಈ ಪರೀಕ್ಷೆ.

ನನಗೆ ನಲವತ್ತೇಳು ವರ್ಷ. ಕಿವಿ ಕೇಳುವುದಷ್ಟೇ ಅಲ್ಲ, ತಾನೂ ಒಂದು ಮಾತು ಆಡುತ್ತದೆ ಎಂದು ನನಗೆ ಆವತ್ತಿನವರೆಗೆ ಯಾರೂ ಹೇಳಿರಲಿಲ್ಲ. ತೊದಲು ನುಡಿಯೂ ಬಾರದ ಕೂಸಿನ ಕಿವಿ ಕೂಡ ಹೀಗೆ ಉತ್ತರ ಕೊಡುತ್ತದಂತೆ.

ತೆರೆಯ ಮೇಲೆ ರೆಫರ್ ಎಂದು ಬಂತು. ಮೇಡಂ ವೈರನ್ನು ಉದ್ದಕ್ಕೆ ಎಳೆದು, ಲ್ಯಾಪ್‌ಟಾಪನ್ನು ಬಾಗಿಲಾಚೆ ಇಟ್ಟು ಬಾಗಿಲು ಒರಗಿಸಿ, ಮತ್ತೆ ಟಕಟಕ ಶುರು ಮಾಡಿದರು. ಈ ಸಲ ಪಾಸ್.

"ನಿಮ್ಮ ಕಿವಿಯಿಂದ ಬರೋ ಸದ್ದು ಎಷ್ಟು ಸಣ್ಣದು ಅಂದ್ರೆ, ಫ್ಯಾನ್ ಗಾಳಿ ಅದನ್ನ ಮುಚ್ಚಿಹಾಕುತ್ತೆ. ಹಳ್ಳಿ ಮನೇಲಿ ಬಾಗಿಲಾಚೆ ಅಂದ್ರೆ ಬೀದಿ. ಎಲ್ಲಿ ಇಡ್ಲಿ ಇದನ್ನ?"

ಅವರು ಲ್ಯಾಪ್‌ಟಾಪ್ ಬಿಟ್ಟು ಊಟಕ್ಕೆ ಹೋದರು. ಫ್ಯಾನು ಯಾಕೆ ತಿರುಗುತ್ತಿದೆ ಎಂದು ಈಗ ನಿಜವಾಗಿ ಹುಡುಕಲು ಕೂತೆ. ಯಾವ ತಂತ್ರಾಂಶವೂ ಕೆಲಸ ಮಾಡುತ್ತಿರಲಿಲ್ಲ, ಆದರೂ ಪ್ರೊಸೆಸರ್ ಪೂರ್ತಿ ವೇಗದಲ್ಲಿತ್ತು. ಪವರ್ ಸೆಟ್ಟಿಂಗ್ ತೆರೆದೆ. ಕನಿಷ್ಠ ವೇಗ: ನೂರು. ಬ್ಯಾಟರಿಯಲ್ಲಿ: ನೂರು. ನನ್ನ ಕೈಬರಹವನ್ನೇ ನೋಡಿದ ಹಾಗಾಯಿತು.

ಇಲ್ಲಿ ನಾನು ಮಾಡಿದ್ದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮೇಡಂ ಊಟ ಮುಗಿಸಿ ಬರುವುದರೊಳಗೆ ತಪ್ಪು ಮುಚ್ಚಿಹಾಕಲು ನೋಡಿದೆ. ನೂರು ಮಾಡಿ ಕೆಟ್ಟಿತಲ್ಲ, ಈಗ ಉಲ್ಟಾ ಮಾಡೋಣ ಎಂದು, ಗರಿಷ್ಠ ವೇಗವನ್ನೇ ಇಪ್ಪತ್ತೈದು ಪರ್ಸೆಂಟಿಗೆ ಕಟ್ಟಿಹಾಕಿದೆ. ಫ್ಯಾನು ಗಪ್‌ಚಿಪ್ಪಾಯಿತು. "ಸರಿಹೋಯ್ತು ಮೇಡಂ, ಒಂದು ಸೆಟ್ಟಿಂಗ್ ಹೆಚ್ಚುಕಮ್ಮಿ ಆಗಿತ್ತು" ಎಂದು ನಕ್ಕು ಕಳಿಸಿದೆ. ಹೆಚ್ಚುಕಮ್ಮಿ ಮಾಡಿದವನು ಯಾರೆಂದು ಹೇಳಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಹುಲ್ಲಹಳ್ಳಿಯಿಂದ ಫೋನು. ಹಿಂದೆ ಮಗು ಅಳುತ್ತಿತ್ತು.

"ಸರ್, ಸದ್ದಿಲ್ಲ, ಆದ್ರೆ ರೆಕಾರ್ಡಿಂಗೇ ಆಗ್ತಿಲ್ಲ. ಡೇಟಾ ಬಿಟ್ಟುಹೋಗಿದೆ, ಬಿಟ್ಟುಹೋಗಿದೆ ಅಂತ ಬರ್ತಾ ನಿಂತುಹೋಗುತ್ತೆ. ಮಗು ಎದ್ದುಬಿಡ್ತು."

ನಾನು ಕಟ್ಟಿಹಾಕಿದ ಪ್ರೊಸೆಸರ್‌ಗೆ ಉಸಿರೇ ಸಿಕ್ಕುತ್ತಿರಲಿಲ್ಲ. ಒಂದು ಟಕ್ ಮುಗಿದು ಇನ್ನೊಂದು ಟಕ್ ಬರುವುದರೊಳಗೆ ಅದು ಕಿವಿಯ ಉಪಕರಣದ ಮೈಕಿನಿಂದ ಬಂದದ್ದನ್ನು ತೆಗೆದುಕೊಂಡು, ಗದ್ದಲವಿದ್ದರೆ ಬಿಸಾಕಿ, ಇಲ್ಲದಿದ್ದರೆ ಹಿಂದಿನದಕ್ಕೆ ಕೂಡಿಸಬೇಕು. ಅದರ ಜೊತೆಗೆ ಲ್ಯಾಪ್‌ಟಾಪಿನ ಸ್ವಂತ ಸಣ್ಣಪುಟ್ಟ ಕೆಲಸಗಳೂ ಬರುತ್ತವೆ. ಕಾಲು ವೇಗದಲ್ಲಿ ಎಲ್ಲ ಒಟ್ಟಿಗೆ ಬಂದರೆ ಕೈಮೀರುತ್ತದೆ.

ಶನಿವಾರ ಭಾನುವಾರ ಬಿಟ್ಟುಹೋಗಿ ಎಂದು ಕೇಳಿ, ಕಿವಿಯ ಉಪಕರಣದ ಸಮೇತ ತರಿಸಿಕೊಂಡೆ. ಬೇರೆ ಗಿರಾಕಿಗಳನ್ನೆಲ್ಲ ಸೋಮವಾರ ಬನ್ನಿ ಎಂದು ಸಾಗಹಾಕಿದೆ. ಇಷ್ಟು ವರ್ಷ ಒಂದು ಸಂಖ್ಯೆಯನ್ನು ಐದರಿಂದ ನೂರಕ್ಕೆ ಏರಿಸುತ್ತ ಬಂದಿದ್ದೆನಲ್ಲ, ಆ ಐದನ್ನು ಅಲ್ಲಿ ಇಟ್ಟವರು ಯಾಕೆ ಇಟ್ಟಿದ್ದರು ಎಂದು ಮೊದಲ ಸಲ ಯೋಚನೆ ಮಾಡಿದೆ.

ಬ್ಯಾಟರಿಯಿಂದ ಎಷ್ಟು ವ್ಯಾಟ್ ಹೊರಗೆ ಹೋಗುತ್ತಿದೆ ಎಂದು ತೋರಿಸುವ ಒಂದು ಸಣ್ಣ ತಂತ್ರಾಂಶ ಹಾಕಿದೆ. ನನ್ನ ಟಚ್ ಮತ್ತೆ ಕೊಟ್ಟು ನೋಡಿದೆ: ಏನೂ ಕೆಲಸವಿಲ್ಲದೆ ಸುಮ್ಮನೆ ಕೂತಿರುವಾಗ ಇಪ್ಪತ್ತೆರಡು ವ್ಯಾಟ್. ಟಚ್ ತೆಗೆದು ಬಯೋಸ್‌ನಲ್ಲಿ ನಿದ್ದೆಯ ಸೌಲಭ್ಯವನ್ನೂ ವಾಪಸ್ ಕೊಟ್ಟೆ: ಐದು ವ್ಯಾಟ್. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಐದೇ. ತೆರೆಯ ಬೆಳಕೂ ಅದರಲ್ಲೇ ಸೇರಿತ್ತು.

ವೇಗ ಇಳಿದರೆ ಉಳಿತಾಯವಾಗುತ್ತದೆ ಎಂದು ಯಾರಾದರೂ ಹೇಳಬಹುದು. ಆದರೆ ಇಷ್ಟೊಂದು ಯಾಕೆ? ಓದುತ್ತ ಓದುತ್ತ ಗೊತ್ತಾಯಿತು, ಗುಟ್ಟು ಇರುವುದು ವೋಲ್ಟೇಜಿನಲ್ಲಿ. ಪ್ರೊಸೆಸರ್ ಒಳಗೆ ಕೋಟಿಗಟ್ಟಲೆ ಸ್ವಿಚ್ಚುಗಳಿವೆ. ಒಂದೊಂದು ಮಿಡಿತಕ್ಕೂ ಅವು ತೆರೆದು ಮುಚ್ಚಬೇಕು. ಮಿಡಿತ ಜೋರಾದಷ್ಟೂ ಅವು ಬೇಗ ಬೇಗ ಹೊರಳಬೇಕು, ಬೇಗ ಹೊರಳಿಸಲು ಹೆಚ್ಚು ವೋಲ್ಟೇಜ್ ಕೊಟ್ಟು ತಳ್ಳಬೇಕು. ನಿಧಾನ ಮಾಡಿದರೆ ಕಡಿಮೆ ವೋಲ್ಟೇಜ್ ಸಾಕು. ವೋಲ್ಟೇಜ್ ಅರ್ಧಕ್ಕಿಳಿದರೆ ಒಂದೊಂದು ಹೊರಳಿಗೆ ಬೇಕಾಗುವ ಶಕ್ತಿ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಮಿಡಿತವೂ ಕಾಲುಭಾಗವಾಗಿದ್ದರೆ ಕಾಲುಭಾಗದಲ್ಲಿ ಕಾಲುಭಾಗ, ಅಂದರೆ ಹದಿನಾರರಲ್ಲಿ ಒಂದು ಭಾಗ. ಹುಲ್ಲಹಳ್ಳಿಗೆ ಸೈಕಲ್ಲಿನಲ್ಲಿ ನಿಧಾನವಾಗಿ ಹೋದವನಿಗೂ ಎದ್ದುಬಿದ್ದು ತುಳಿದುಕೊಂಡು ಹೋದವನಿಗೂ ದೂರ ಒಂದೇ, ಬೆವರು ಒಂದೇ ಅಲ್ಲ.

ಹಾಗಾದರೆ ಯಾವಾಗಲೂ ನಿಧಾನವಾಗೇ ಇರಲಿ ಎನ್ನುವಂತೆಯೂ ಇಲ್ಲ. ಅದು ಹುಲ್ಲಹಳ್ಳಿಯ ಮಗುವಿನ ಹತ್ತಿರ ನಾನು ಕಲಿತ ಪಾಠ. ಭಾರದ ಕೆಲಸ ಬಂದಾಗ ದಡದಡನೆ ಎದ್ದು ಮುಗಿಸಿ ಮಲಗಿಬಿಡುವುದೇ ಲಾಭ. ಯಾವಾಗ ಏಳಬೇಕು, ಎಷ್ಟು ಏಳಬೇಕು, ಯಾವಾಗ ಮಲಗಬೇಕು, ಇದನ್ನೆಲ್ಲ ತೀರ್ಮಾನಿಸುವವರು ಯಾರು?

ಅದೇ ತೀರ್ಮಾನಿಸುತ್ತದೆ. ವೇಗದ ಗೆರೆ ತೆರೆಯ ಮೇಲೆ ಓಡುವಂತೆ ಮಾಡಿ, ಮಧ್ಯಾಹ್ನ ಊಟವನ್ನೂ ಬಿಟ್ಟು ನೋಡುತ್ತ ಕೂತೆ. ಸುಮ್ಮನಿದ್ದರೆ ಗೆರೆ ತಳದಲ್ಲಿ. ಮೌಸ್ ಮುಟ್ಟಿದರೆ ಎದ್ದಿತು, ಕೈ ತೆಗೆದರೆ ಬಿತ್ತು. ಒಂದು ಅಕ್ಷರ ಒತ್ತಿದೆ, ಗೆರೆ ಮೇಲೆ ಹೋಗಿ ಅಕ್ಷರ ಮೂಡಿಸಿ ಕೆಳಗೆ ಬಂತು. ನನ್ನ ಬೆರಳು ಇನ್ನೊಂದು ಅಕ್ಷರಕ್ಕೆ ಹೋಗುವಷ್ಟರಲ್ಲಿ ಅದು ಒಂದು ನಿದ್ದೆ ತೆಗೆದು ಎದ್ದಿರುತ್ತಿತ್ತು. ಗೆರೆಯಲ್ಲಿ ಕಾಣುವುದು ದಪ್ಪ ಲೆಕ್ಕ ಮಾತ್ರ, ಒಳಗೆ ಸೆಕೆಂಡಿಗೆ ನೂರಾರು ಸಲ ಹೀಗೆ ಏಳುಬೀಳು ನಡೆಯುತ್ತದೆ ಎಂದು ಓದಿ ತಿಳಿದೆ. ಅದರ ಅತಿ ನಿಧಾನದ ವೇಗ ಎಷ್ಟು ಗೊತ್ತೇ? ಸೆಕೆಂಡಿಗೆ ಎಂಬತ್ತು ಕೋಟಿ ಮಿಡಿತ. ಅದನ್ನು ನಾವು ಸ್ಲೋ ಎಂದು ಬೈಯುತ್ತೇವೆ.

ಇದನ್ನು ಮಾಡಿದವರು ಎಲ್ಲಿಯೋ ಕೂತ ಮನುಷ್ಯರೇ. ಅವರ ಹೆಸರು ನನಗೆ ಗೊತ್ತಿಲ್ಲ. ಬ್ಯಾಟರಿಯ ಒಂದೊಂದು ಹನಿಯನ್ನೂ ಉಳಿಸಲು ಅವರು ಇಷ್ಟು ನಾಜೂಕಾದ ವ್ಯವಸ್ಥೆ ಕಟ್ಟಿಟ್ಟಿದ್ದರು. ನಾನು ಅದರ ಕತ್ತು ಹಿಸುಕಿ ಟಚ್ ಅಂತ ಹೆಸರಿಟ್ಟು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ಆ ಭಾನುವಾರ ನನಗೆ ಆಶ್ಚರ್ಯವೂ ಅವಮಾನವೂ ಒಟ್ಟಿಗೇ ಆಯಿತು.

ಕನಿಷ್ಠ ಐದು ಎಂದು ಮೊದಲಿದ್ದ ಹಾಗೆಯೇ ಇಟ್ಟೆ. ಗರಿಷ್ಠವನ್ನು ಮಾತ್ರ ನೂರರ ಬದಲು ತೊಂಬತ್ತೊಂಬತ್ತು ಮಾಡಿದೆ. ಒಂದೇ ಅಂಕಿ ಇಳಿಸಿದರೆ ಅದು ಮಾಮೂಲಿ ವೇಗವನ್ನೂ ಮೀರಿ ನೆಗೆಯುವ ನೆಗೆತ ನಿಲ್ಲುತ್ತದೆ, ಮಿಕ್ಕ ಸ್ವಾತಂತ್ರ್ಯವೆಲ್ಲ ಉಳಿಯುತ್ತದೆ. ಮಗುವಿನ ಹೆಸರು ಬರೆದು ಫೈಲ್ ತೆರೆದಾಗ ವೇಗ ಒಮ್ಮೆ ಏರಿ, ಹತ್ತು ಎಣಿಸುವುದರೊಳಗೆ ಇಳಿಯುತ್ತಿತ್ತು. ಇಳಿದ ಮೇಲೆ ಟಕಟಕ ಶುರು ಮಾಡಿದರೆ ಫ್ಯಾನು ಏಳುವುದೇ ಇಲ್ಲ. ನನ್ನ ಕಿವಿಯ ಮೇಲೇ ಆರು ಸಲ ಪ್ರಯೋಗ ಮಾಡಿದೆ. ಆರೂ ಸಲ ಪಾಸ್, ಲ್ಯಾಪ್‌ಟಾಪ್ ತೊಡೆಯ ಮೇಲೇ ಇತ್ತು.

ಸೋಮವಾರ ಬೆಳಿಗ್ಗೆ ಮೇಡಂ ಬಂದರು. ಈಗ ಸರಿಯಾಗಿದೆ ಎಂದು ಹೇಳಿ ಕೊಟ್ಟುಬಿಟ್ಟರೆ ಮುಗಿದುಹೋಗುತ್ತಿತ್ತು. ಹೊಸ ಮಕ್ಕಳಿಗೆಲ್ಲ ಸರಿಯಾದ ಫಲಿತಾಂಶ ಬರುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಹಳೇ ಮಕ್ಕಳು? ಮಾತು ನಿಂತುಹೋದ ಆ ಮನೆ? ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟುಕೊಂಡು, ಕೊಡದೆ, ಹೇಳಿದೆ.

"ಮೇಡಂ, ಕೀಲು ಹಾಕಿದ ದಿನ ನೀವು ಕೇಳದೇ ನಾನೇ ಸ್ಪೀಡ್ ಮಾಡಿದ್ದೆ. ಫ್ಯಾನು ಆವತ್ತಿಂದ ಕೂಗ್ತಿರೋದು. ತಪ್ಪು ಬ್ಯಾಟರೀದಲ್ಲ, ಮಿಷಿನ್ದಲ್ಲ. ನಂದು."

ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಚೀಲದಿಂದ ರಿಜಿಸ್ಟರ್ ತೆಗೆದು, "ಕೀಲು ಹಾಕಿದ್ದು ಯಾವತ್ತು, ಹೇಳಿ" ಎಂದರು. ನನ್ನ ರಸೀದಿ ಪುಸ್ತಕ ನೋಡಿ ದಿನ ಹೇಳಿದೆ. ಆ ದಿನದಿಂದ ಈಚೆಗೆ ರೆಫರ್ ಬಂದ ಹೆಸರುಗಳ ಕೆಳಗೆಲ್ಲ ಗೆರೆ ಎಳೆಯುತ್ತ ಹೋದರು. ಹನ್ನೊಂದು ಮಕ್ಕಳು.

"ಎಲ್ಲರನ್ನೂ ಮತ್ತೆ ನೋಡ್ಬೇಕು. ನೀವೂ ಬನ್ನಿ. ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕೂತಲ್ಲೇ ಸರಿ ಮಾಡೋರು ಬೇಕು."

ಹೋಗುವ ದಿನಗಳಲ್ಲಿ ಅಂಗಡಿ ಮುಚ್ಚಿದೆ. ಬಸ್ಸಿನಲ್ಲಿ ಬ್ಯಾಗು ನಾನು ಹೊತ್ತೆ. ಕಳಲೆಯ ಮೂರು ಮಕ್ಕಳಲ್ಲಿ ಒಂದು ಪಾಸಾದಾಗ ಅದರ ತಾಯಿ ಫಲಿತಾಂಶದ ಚೀಟಿಯನ್ನು ಎರಡು ಕಣ್ಣಿಗೂ ಒತ್ತಿಕೊಂಡಳು. ನನಗೆ ಎಲ್ಲಿಗಾದರೂ ಓಡಿಹೋಗೋಣ ಅನ್ನಿಸಿತು. ಹುಲ್ಲಹಳ್ಳಿಯ ಕಡೆ ನಾಲ್ಕು ಮಕ್ಕಳು, ನಂಜನಗೂಡಿನಲ್ಲೇ ಮೂರು. ಬ್ಯಾಟರಿ ಇಡೀ ದಿನ ಬರುತ್ತಿತ್ತು. ಮಗು ಮಲಗುವುದಕ್ಕೆ ಎಷ್ಟು ಹೊತ್ತು ಬೇಕಾದರೂ ಕಾಯುತ್ತಿದ್ದೆವು, ಲ್ಯಾಪ್‌ಟಾಪೂ ನಮ್ಮ ಜೊತೆ ಕಾಯುತ್ತಿತ್ತು. ಮೂರನೇ ವಾರದ ಹೊತ್ತಿಗೆ ಹತ್ತು ಮಕ್ಕಳು ಮುಗಿದಿದ್ದವು. ಹತ್ತೂ ಪಾಸ್.

ಉಳಿದದ್ದು ನರಸೀಪುರದ ಆಚೆಯ ಮನೆ. ಬೇಕೆಂದೇ ಕೊನೆಗಿಟ್ಟದ್ದಲ್ಲ, ಅವರು ಒಪ್ಪಿರಲಿಲ್ಲ. ಮಗುವಿನ ಅಜ್ಜಿ ಫೋನಿನಲ್ಲಿ ಒಂದೇ ಮಾತು ಹೇಳಿ ಇಟ್ಟಿದ್ದರಂತೆ: "ಇನ್ನೆಷ್ಟ್ ಸಲ ಆ ಮಾತ ಕೇಳ್ಬೇಕವ್ವ ನಾವು?" ಕೊನೆಗೆ ಆ ಊರಿನ ಆಶಾ ಕಾರ್ಯಕರ್ತೆ ಹೋಗಿ ಕೂತು ಒಪ್ಪಿಸಿದರು.

ನರಸೀಪುರದಲ್ಲಿ ಬಸ್ ಇಳಿದು ಆಟೋ ಹಿಡಿದು ಹೋದೆವು. ಕಬ್ಬಿನ ಗದ್ದೆಯ ಅಂಚಿಗೆ ಎರಡು ಕೋಣೆಯ ಮನೆ. ಹೆರಿಗೆಗೆ ತವರಿಗೆ ಬಂದ ಮಗಳು, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ, ಮಗುವಿಗೆ ಹಾಲು ಕೊಡುತ್ತ ಕೂತಿದ್ದಳು. ಮನೆ ನಡೆಸುವುದು ಅವಳ ತಾಯಿ, ಮಗುವಿನ ಅಜ್ಜಿ. ಕೂಲಿಗೆ ಹೋಗಿ ಗಟ್ಟಿಯಾದ ಮೈ, ಕಮ್ಮಿ ಮಾತು. ಚಾಪೆ ಹಾಸಿದರು, ನೀರು ಕೊಟ್ಟರು. ಮೇಡಂ ಹೇಳಿದ್ದು ನಿಜ, ಕೈಕಾಲು ಆಡಿಸುವ ಮಗುವಿರುವ ಮನೆ ಅಷ್ಟು ಸದ್ದಿಲ್ಲದೆ ಇರುವುದನ್ನು ನಾನು ಕಂಡಿರಲಿಲ್ಲ. ಮಗಳು ಮಗುವನ್ನು ಭುಜದಿಂದ ಭುಜಕ್ಕೆ ಬದಲಿಸುವಾಗ ಸಹ ಒಂದು 'ಚಿನ್ನಾ' ಎನ್ನಲಿಲ್ಲ.

ನಾನೇ ಮೊದಲು ಮಾತಾಡಿದೆ. ಮೇಡಂ ಬೇಡ ಎಂದು ಕಣ್ಸನ್ನೆ ಮಾಡಿದರೂ ಮಾತಾಡಿದೆ. "ಅಮ್ಮಾ, ಹಿಂದಿನ ಎರಡು ಸಲ ರೆಫರ್ ಬಂದದ್ದು ನನ್ನಿಂದ ಇರಬಹುದು. ಈ ಮಿಷಿನ್ ರಿಪೇರಿ ಮಾಡಿದವನು ನಾನು. ತಪ್ಪು ಮಾಡಿದ್ದೆ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವ್ ಮಿಷಿನ್ನೋರಾ? ನಾನು ತಟ್ಟೆ ಬಡ್ದು ನೋಡ್ದೆ ಕಣಪ್ಪ. ಒಂದ್ ಸಲ ಬೆಚ್ತದೆ, ಒಂದ್ ಸಲ ಬೆಚ್ಚಕಿಲ್ಲ. ಏನಂತ ಅನ್ಕೊಳಾದು?"

"ಮಾತಾಡ್ಸಿ ನೋಡ್ಲಿಲ್ವಾ?" ಎಂದರು ಮೇಡಂ.

"ಮಾತಾಡ್ಸುದ್ರೆ ಅಳು ಬತ್ತದವ್ವ. ಈ ಮಗಳ ಮುಂದೆ ಅತ್ರೆ ಇವಳೂ ಅಳ್ತಳೆ. ಗಂಡನ ಮನೇರ್ಗೆ ಇನ್ನೂ ಯೋಳಿಲ್ಲ. ಅದ್ಕೆ ಸುಮ್ಕಿದ್ಬುಟ್ಟೊ." ಅಷ್ಟು ಹೇಳಿ ಒಳಗೆ ಹೋಗಿ ಪಾತ್ರೆ ಎತ್ತಿಟ್ಟು ಬಂದರು.

ಮಗು ಮಲಗಲು ಮುಕ್ಕಾಲು ಗಂಟೆ ಹಿಡಿಯಿತು. ಬೀದಿಯಲ್ಲಿ ಟ್ರ್ಯಾಕ್ಟರ್ ಹೋಗಿ ಸದ್ದು ಅಡಗುವವರೆಗೆ ಕಾದೆವು. ಹೆಸರು ಬರೆದು ಫೈಲ್ ತೆರೆದೆವು. ನಾನು ಮನಸ್ಸಿನಲ್ಲೇ ಹತ್ತು ಎಣಿಸಿ ತಲೆಯಾಡಿಸಿದೆ. ಮೇಡಂ ಎಡಗಿವಿಗೆ ರಬ್ಬರ್ ತುದಿ ಇಟ್ಟರು.

ನಾನು ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟುಕೊಂಡಿದ್ದೆ. ತಣ್ಣಗಿತ್ತು. ಒಳಗೆ ಅದು ಟಕ್ಕಿಗೊಂದು ಸಲ ಎದ್ದು, ಕೂಸಿನ ಕಿವಿಯಿಂದ ಬಂದದ್ದನ್ನು ಎತ್ತಿಕೊಂಡು, ಕೂಡಿಸಿ, ಮಲಗುತ್ತಿತ್ತು. ಹೊರಗೆ ಏನೂ ಕೇಳುತ್ತಿರಲಿಲ್ಲ. ಅದು ಸುಮ್ಮನಿದ್ದುದಕ್ಕೆ ಒಂದು ಕಿವಿಯ ಮಾತು ಕೇಳುವುದು ಸಾಧ್ಯವಾಗುತ್ತಿತ್ತು. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಒಂದು ಯಂತ್ರದ ಮುಂದೆ ಹಾಗೆ ಉಸಿರು ಹಿಡಿದು ಕೂತದ್ದು ಅದೊಂದೇ ಸಲ. ತೆರೆಯ ಮೇಲೆ ಹಸಿರು ಪಟ್ಟಿಗಳು ಒಂದೊಂದಾಗಿ ಮೇಲೆದ್ದವು. ಪಾಸ್.

ಮೇಡಂ ಮುಖದಲ್ಲಿ ನಗು ಬಂತು. ಮಗುವನ್ನು ಮೆಲ್ಲಗೆ ಹೊರಳಿಸಿ ಬಲಗಿವಿಗೆ ಇಟ್ಟರು.

ಪಟ್ಟಿಗಳು ಏಳಲಿಲ್ಲ. ಗದ್ದಲದ ಸೂಚಿ ನೆಲ ಹಿಡಿದಿತ್ತು, ಫ್ಯಾನು ನಿಂತಿತ್ತು, ಒಂದೂ ಟಕ್ ಬಿಟ್ಟುಹೋಗಿರಲಿಲ್ಲ. ರೆಫರ್. ರಬ್ಬರ್ ತುದಿ ಬದಲಿಸಿ ಮತ್ತೆ ಮಾಡಿದರು. ರೆಫರ್. ನಾನು ಸೆಟ್ಟಿಂಗನ್ನೆಲ್ಲ ಮತ್ತೆ ತೆರೆದು ನೋಡಿದೆ. ಆ ಬಲಗಿವಿಯದೂ ನನ್ನ ತಪ್ಪೇ ಆಗಿರಲಿ ಎಂದು ನಾನು ಬೇಡಿಕೊಂಡದ್ದು ಇದ್ದಬದ್ದ ದೇವರಿಗೆಲ್ಲ ಕೇಳಿಸಿರಬೇಕು. ಸೆಟ್ಟಿಂಗಿನಲ್ಲಿ ಏನೂ ತಪ್ಪಿರಲಿಲ್ಲ. ಮೂರನೇ ಸಲವೂ ಅದೇ ಬಂತು.

ಮೇಡಂ ಉಪಕರಣ ತೆಗೆದಿಟ್ಟು ಅಜ್ಜಿಯ ಕಡೆ ತಿರುಗಿದರು. ಒಂದೊಂದೇ ಮಾತು ಜೋಡಿಸಿ ಹೇಳಿದರು. "ಎಡಗಿವಿ ಚೆನ್ನಾಗಿದೆ ಅಂತ ಬಂದಿದೆ. ಬಲಗಿವಿ ಬಂದಿಲ್ಲ. ಬಲಗಿವಿನ ಮೈಸೂರಲ್ಲಿ ತೋರಿಸ್ಲೇಬೇಕು, ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ ಎಡಗಿವಿ ಕೆಲಸ ಮಾಡ್ತಿದೆ ಅಮ್ಮ. ಮಾತು ಕಲಿಯೋಕೆ ಒಂದು ಕಿವಿ ದೊಡ್ಡ ಆಸರೆ."

"ಒಂದ್ ಕಿವಿ ಕೇಳ್ತದಾ?"

"ಕೇಳುತ್ತೆ ಅಂತಾನೇ ಅನ್ಕೊಳಿ. ಮಾತಾಡ್ಸಿ."

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು, ಮಗಳ ಮಡಿಲಿಂದ ಮಗುವನ್ನು ಎತ್ತಿಕೊಂಡರು. ಒಂದು ಸಲ ಎತ್ತಿಕೊಂಡವರು, ತಡೆದು, ಎಡಗಿವಿ ತಮ್ಮ ಬಾಯ ಹತ್ತಿರಕ್ಕೆ ಬರುವಂತೆ ಮಗುವನ್ನು ತಿರುಗಿಸಿಕೊಂಡರು.

"ಲೋ, ಕಳ್ಳ," ಎಂದರು. ಇನ್ನೊಮ್ಮೆ, ಜೋರಾಗಿ: "ಏನ್ಲಾ ಕಳ್ ನನ್ಮಗನೆ. ನಿಮ್ಮಜ್ಜಿ ಕಣೋ. ಇಷ್ಟ್ ದಿವ್ಸ ನಾವೇ ಮಾತಾಡ್ನಿಲ್ಲ ಕಣೋ ನಿನ್ ಜೊತೆಗೆ."

"ಅವ್ವ, ಮೆಲ್ಲುಕ," ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತ. "ಈಗ ತಾನೆ ಮಲ್ಗವನೆ. ಎದ್ಬುಡ್ತನೆ."

"ಎದ್ರೆ ಏಳ್ಲಿ ಬುಡವ್ವ," ಎಂದರು ಅಜ್ಜಿ. "ಕೇಳುದ್ರೆ ತಾನೆ ಏಳಾದು."

ಮಗುವಿನ ಹುಬ್ಬು ಗಂಟಾಯಿತು, ಮುಖ ಕೆಂಪಾಯಿತು. ಬಾಯಗಲ ಮಾಡಿ ಅಳತೊಡಗಿತು. ಸಮಾಧಾನ ಮಾಡಲು ಯಾರಿಗೂ ಅವಸರವಿರಲಿಲ್ಲ.